ಮೊದಲ ಬಿಲ್ಲು: ಬೆನ್ನು ಮುಟ್ಟಬೇಡಿ, ಹೊಟ್ಟೆ ಕೆತ್ತಿ

ಕೈಕೆಲಸದ ಈ ಅಂಕಣಕ್ಕೆ ಸಾಮಾನ್ಯವಾಗಿ ಬರುವುದು ಕುರ್ಚಿಯ ಕಾಲು ಅಲ್ಲಾಡುತ್ತದೆ, ಮಳೆಗಾಲದಲ್ಲಿ ಬಾಗಿಲು ಉಬ್ಬಿ ಹಾಕಲು ಬರುವುದಿಲ್ಲ, ಇಂಥ ಪ್ರಶ್ನೆಗಳು. ಹೋದ ಸಲ ಬರೆಯುತ್ತಾ, ನನಗೆ ಮರದ ಬಿಲ್ಲು ಮಾಡುವ ಹುಚ್ಚಿದೆ ಅಂತ ಸುಮ್ನೆ ಒಂದು ಸಾಲು ಸೇರಿಸಿದ್ದೆ. ಅಷ್ಟಕ್ಕೇ ಇಷ್ಟು ಪತ್ರ. ಹಾಗಾಗಿ ಈ ಸಲ ಪೂರ್ತಿ ಬಿಲ್ಲಿನದೇ ಮಾತು.

ಮೊದಲು ಒಂದೆರಡು ಹೆಸರು ತಿಳಿದಿರಲಿ, ಇಲ್ಲದಿದ್ದರೆ ಮುಂದೆ ಗೊಂದಲ. ಬಿಲ್ಲು ಹಿಡಿದು ನಿಂತಾಗ ಗುರಿಯ ಕಡೆಗಿರುವ ಮೈ ಬೆನ್ನು. ನಿಮ್ಮ ಕಡೆಗಿರುವುದು ಹೊಟ್ಟೆ. ಹಿಡಿಕೆಯ ಮೇಲೊಂದು ಕೆಳಗೊಂದು ತೋಳು. ತುದಿಯಲ್ಲಿ ಹೆದೆ ಕೂರುವ ಜಾಗ ಕಚ್ಚು. ಎಳೆದಾಗ ಬೆನ್ನು ಹಿಗ್ಗುತ್ತದೆ, ಹೊಟ್ಟೆ ಕುಗ್ಗುತ್ತದೆ. ಬಿಲ್ಲು ಮುರಿದ ಕಥೆಗಳು ಬಹುಪಾಲು ಬೆನ್ನಿನಿಂದಲೇ ಶುರುವಾಗುತ್ತವೆ.

ವಿಡಿಯೋಗಳಲ್ಲಿ ಎಲ್ಲರೂ ಯೂ ಮರ, ಆಸೇಜ್ ಮರ ಅನ್ನುತ್ತಾರೆ. ಹುಬ್ಬಳ್ಳಿಯಲ್ಲಿ ಎರಡು ಕಟಗಿ ಅಡ್ಡೆಗಳಲ್ಲಿ ಕೇಳಿದೆ, ನಕ್ಕು ಕಳಿಸಿದರು. ಮೊದಲ ಬಿಲ್ಲಿಗೆ ಯಾವ ಮರ ತಗೊಳ್ಳಲಿ?
*ಎಂಜಿನಿಯರಿಂಗ್ ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ*

ಇನ್ನೂ ನಾಲ್ಕು ಅಡ್ಡೆ ಸುತ್ತಿದರೂ ನಗುವುದೇ ತಮ್ಮಾ. ಯೂ ಯುರೋಪಿನ ಬಿಲ್ಲುಗಾರರು ಮೆಚ್ಚಿದ ಮರ, ಆಸೇಜ್ ಅಮೆರಿಕದ್ದು. ಅವರವರ ಊರಲ್ಲಿ ಸಿಕ್ಕಿದ್ದನ್ನು ಅವರು ಬಳಸಿದರು, ಅಷ್ಟೇ. ಡೆನ್ಮಾರ್ಕಿನ ಹೋಲ್ಮೆಗಾರ್ಡ್ ಎಂಬ ಜೌಗು ನೆಲದಲ್ಲಿ 1944ರಲ್ಲಿ ಒಂದು ಬಿಲ್ಲು ಸಿಕ್ಕಿತು. ಅದಕ್ಕೆ ಸುಮಾರು 9,000 ವರ್ಷ. ಅದು ಯೂ ಅಲ್ಲ, ಎಲ್ಮ್ ಮರದ್ದು. ಮಾಡಿದವನ ಜಾಣತನ ಇರುವುದು ಆಕಾರದಲ್ಲಿ. ತೋಳು ಅಗಲ, ಚಪ್ಪಟೆ. ಅಗಲ ಇದ್ದಷ್ಟೂ ಎಳೆತ ಹಂಚಿಹೋಗುತ್ತದೆ, ಸಾಧಾರಣ ಮರವೂ ತಡೆದುಕೊಳ್ಳುತ್ತದೆ.

ನನ್ನ ಕೇಳಿದರೆ ಮೊದಲನೆಯದು ಬಿದಿರಿನದೇ ಇರಲಿ. ಹುಬ್ಬಳ್ಳಿಯಲ್ಲಿ ಮೇದಾರ ಓಣಿ ಇಟ್ಟುಕೊಂಡು ಯೂ ಮರ ಹುಡುಕುವುದು ಅಂದರೆ ಮನೆಯಲ್ಲಿ ರೊಟ್ಟಿ ಇಟ್ಟುಕೊಂಡು ಬ್ರೆಡ್ಡಿಗೆ ಅಲೆದಂತೆ. ಹೋಗಿ ಕೇಳಿ: ಬುಡದ ಕಡೆಯ ತುಂಡು ಬೇಕು, ನಾಲ್ಕು ಇಂಚು ಅಡ್ಡಳತೆ, ಗೋಡೆ ಕಿರುಬೆರಳಿಗಿಂತ ತೆಳ್ಳಗಿರಬಾರದು, ಮೂರ್ನಾಲ್ಕು ವರ್ಷ ಬಲಿತಿರಬೇಕು. ಎಳೆಯದು ಹಸಿರಾಗಿ ಮಿರಮಿರ ಮಿಂಚುತ್ತದೆ. ಬಲಿತದ್ದು ಮಂಕಾಗಿ, ಅಲ್ಲಲ್ಲಿ ಬಿಳಿ ಕಲೆ ಹೊತ್ತಿರುತ್ತದೆ, ಬೆರಳ ಗೆಣ್ಣಿನಿಂದ ತಟ್ಟಿದರೆ ಠಣ್ ಅನ್ನುತ್ತದೆ. ಅಲ್ಲೇ ಸೀಳಿಸಿಕೊಳ್ಳಿ, ಗರಗಸ ಹಚ್ಚಲು ಬಿಡಬೇಡಿ. ಸೀಳುವುದನ್ನು ನೋಡುವುದೇ ಒಂದು ಪಾಠ. ತುದಿಗೆ ಕತ್ತಿ ಇಟ್ಟು ಒಂದೇ ಏಟು, ಆಮೇಲೆ ಕತ್ತಿಯನ್ನು ಸ್ವಲ್ಪ ಸ್ವಲ್ಪವೇ ತಿರುವುತ್ತಾ ಹೋಗುತ್ತಾರೆ, ಬಿದಿರು ಪಟ್ ಪಟ್ ಅನ್ನುತ್ತಾ ತನ್ನ ನಾರಿನ ಗುಂಟ ತಾನೇ ದಾರಿ ಬಿಡುತ್ತದೆ. ಬಿದಿರು ಕಡಿದು ತರುತ್ತಿದ್ದ ಮೇದಾರ ಕೇತಯ್ಯನಂಥ ಶರಣರ ಕಾಲದಿಂದ, ಅಂದರೆ 12ನೇ ಶತಮಾನಕ್ಕೂ ಹಿಂದಿನಿಂದ ಬಂದಿರುವ ಕೈ ಅದು. ನಾನು ಹಲವು ವರ್ಷ ಪ್ರಯತ್ನಿಸಿದರೂ ಆ ನೇರ ನನಗೆ ಬಂದಿಲ್ಲ.

ಬಿದಿರಿನ ದೊಡ್ಡ ಲಾಭ ಏನು ಗೊತ್ತಾ? ಅದರ ಗಟ್ಟಿ ನಾರೆಲ್ಲ ಹೊರಸಿಪ್ಪೆಯ ಹತ್ತಿರ ಒತ್ತೊತ್ತಾಗಿ ಇರುತ್ತದೆ. ಆ ಸಿಪ್ಪೆಯನ್ನೇ ಬೆನ್ನು ಮಾಡಿ. ಅಲ್ಲಿಗೆ ಅರ್ಧ ಕೆಲಸ ಮುಗಿಯಿತು. ಎರಡು ಇಂಚು ಅಗಲ, ಐದೂವರೆ ಅಡಿ ಉದ್ದದ ಸೀಳು ಸಾಕು. ಒಳಗಿನ ಗೆಣ್ಣಿನ ತಡಿಕೆಗಳನ್ನು ಸವರಿ ಸಮ ಮಾಡಿ, ಹೊರಗಿನ ಗೆಣ್ಣಿನ ಉಬ್ಬು ಹಾಗೇ ಇರಲಿ, ಸ್ಯಾಂಡ್‌ಪೇಪರಿನಲ್ಲಿ ಅಂಚು ಮುರಿದರೆ ಸಾಕು. ನಡುವೆ ಒಂದು ಮರದ ತುಂಡು ಅಂಟಿಸಿ, ದಾರ ಸುತ್ತಿ ಹಿಡಿಕೆ ಮಾಡಿಕೊಳ್ಳಿ. ನಿಮ್ಮ ಹೊಲದ್ದೋ ಗೆಳೆಯರ ಹೊಲದ್ದೋ ಬಿದಿರಾದರೆ ಇನ್ನೂ ಒಳ್ಳೆಯದು. 2017ರಲ್ಲಿ ಅರಣ್ಯ ಕಾಯ್ದೆ ತಿದ್ದಿದ ಮೇಲೆ ಕಾಡಿನ ಹೊರಗೆ ಬೆಳೆದ ಬಿದಿರು ಕಾನೂನಿನ ಲೆಕ್ಕದಲ್ಲಿ ಮರವಲ್ಲ. ಕಾಡಿನ ಬಿದಿರಿಗೆ ಇದು ಅನ್ವಯಿಸುವುದಿಲ್ಲ, ಅದನ್ನು ಮುಟ್ಟಬೇಡಿ.

ಮರವೇ ಬೇಕು ಅಂತ ಹಟ ಇದ್ದರೆ ತಡಸಲು. ಕೆಲವರು ದಡಸಲು ಅನ್ನುತ್ತಾರೆ. ಕಪ್ಪಗಿನ ಸಣ್ಣ ಹಣ್ಣು ಬಿಡುವ ಮರ, ಹುಡುಗರು ಆರಿಸಿ ತಿನ್ನುತ್ತಾರಲ್ಲ, ಅದೇ. ಕೊಡಲಿ ಕಾವಿಗೆ ಹೇಳಿ ಮಾಡಿಸಿದ್ದು. ಏಟು ತಿಂದರೂ ಸೀಳುವುದಿಲ್ಲ, ಬಾಗಿ ವಾಪಸ್ ಬರುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ಧನ್ವನ ಅಂತ ಹೆಸರು, ಧನ್ವ ಅಂದರೆ ಬಿಲ್ಲು. ಹೆಸರಲ್ಲೇ ಉತ್ತರ ಇದೆ ಅಲ್ವಾ? ಸಾಗವಾನಿ ಬೇಡ. ಕಲಘಟಗಿ ತೊಟ್ಟಿಲಿಗೆ ಅದು ಚೆಂದ, ಆದರೆ ಜಾಸ್ತಿ ಬಾಗಿಸಿದರೆ ಹೇಳದೆ ಕೇಳದೆ ಹೋಗುತ್ತದೆ.

ಜಾಲಿ ಕೊಂಬೆ ಕಡಿದು ಅದೇ ವಾರ ಬಿಲ್ಲು ಮಾಡಿದೆ. ಮುರಿಯಲಿಲ್ಲ. ಆದರೆ ಹೆದೆ ಬಿಚ್ಚಿದರೂ ಬಾಗಿದ ಹಾಗೇ ನಿಂತಿದೆ, ಬಾಣ ಹತ್ತು ಮಾರು ಸಹ ಹೋಗುವುದಿಲ್ಲ. ಇನ್ನೊಂದು ಮಾತು, ಕಪ್ಪತಗುಡ್ಡದಲ್ಲಿ ಒಳ್ಳೆಯ ಮರ ಇವೆಯಂತೆ, ಒಂದು ಕೊಂಬೆ ತಂದರೆ ನಡೆಯುತ್ತದೆಯೇ?
*ರೈತರು, ಮುಂಡರಗಿ ತಾಲ್ಲೂಕು, ಗದಗ ಜಿಲ್ಲೆ*

ಕೊನೆಯದಕ್ಕೆ ಮೊದಲು ಉತ್ತರ: ನಡೆಯುವುದಿಲ್ಲ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಒಣ ಕೊಂಬೆ ಅಂತಲೂ ಕೈ ಹಾಕಬೇಡಿ. ನಿಮ್ಮ ಬದುವಿನಲ್ಲಿರುವ ಜಾಲಿ ಸಾಕು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುತ್ತಾರೆ. ಬಿಲ್ಲಿನ ಮಟ್ಟಿಗೆ ಈ ಗಾದೆ ಉಲ್ಟಾ. ಹಸಿ ಮರ ಚೆನ್ನಾಗಿ ಬಗ್ಗುತ್ತದೆ, ಆದರೆ ಬಗ್ಗಿದ್ದು ಹಾಗೇ ಉಳಿಯುತ್ತದೆ. ಹೊಟ್ಟೆಯ ಕಡೆಯ ನಾರು ನೀರು ತುಂಬಿ ಮೆತ್ತಗಿರುತ್ತದೆ, ಒಮ್ಮೆ ಒತ್ತಿಹೋದರೆ ಮತ್ತೆ ಚಾಚಿಕೊಳ್ಳುವುದಿಲ್ಲ. ನಿಮ್ಮ ಬಿಲ್ಲಿಗೆ ಆಗಿರುವುದು ಅದೇ. ಅದನ್ನು ಸರಿಮಾಡಲು ಹೋಗಬೇಡಿ, ಬಳ್ಳಿ ಹಬ್ಬಿಸಲು ಊರಿಬಿಡಿ.

ಹೊಸದು ಹೀಗೆ ಮಾಡಿ. ಎಲೆ ಉದುರಿದ ಕಾಲದಲ್ಲಿ, ನಿಮ್ಮ ಕಾಲಿನ ಮೀನಖಂಡದಷ್ಟು ದಪ್ಪದ, ಆರು ಅಡಿ ನೇರ ತುಂಡು ಕಡಿಯಿರಿ. ತೊಗಟೆಯ ಬಿರುಕುಗಳು ನೇರ ಕೆಳಗಿಳಿದಿವೆಯೋ ಅಥವಾ ಕಾಂಡವನ್ನು ಸುತ್ತಿಕೊಂಡು ಹೋಗಿವೆಯೋ ನೋಡಿ. ಸುತ್ತಿಕೊಂಡಿದ್ದರೆ ಒಳಗಿನ ನಾರೂ ತಿರುಚಿರುತ್ತದೆ, ಬಿಟ್ಟುಬಿಡಿ. ಕಡಿದ ಅರ್ಧ ಗಂಟೆಯೊಳಗೆ ಎರಡೂ ತುದಿಗೆ ದಪ್ಪಗೆ ಪೇಂಟ್ ಬಳಿಯಿರಿ, ಇಲ್ಲವೇ ಮೇಣ ಕರಗಿಸಿ ಅದ್ದಿ. ತುದಿ ಬೇಗ ಒಣಗಿ, ನಡು ಹಸಿಯಾಗಿ ಉಳಿದರೆ ಸೀಳು ಬರುವುದು ಖಂಡಿತ. ಬೆಣೆ ಹೊಡೆದು ಎರಡು ಹೋಳು ಮಾಡಿ, ಬಿಲ್ಲಿನ ಒರಟು ಆಕಾರಕ್ಕೆ ಬಾಚಿಯಲ್ಲಿ ಸವರಿ, ನೆರಳಲ್ಲಿ ಗಾಳಿಯಾಡುವ ಕಡೆ ಇಡಿ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳೆಯ ಲೆಕ್ಕ. ಮೊದಲೇ ತೆಳ್ಳಗೆ ಸವರಿಟ್ಟರೆ ಅಷ್ಟು ಬೇಕಾಗುವುದಿಲ್ಲ. ಎಷ್ಟು ದಿನ ಅಂತ ಕೇಳಬೇಡಿ, ತೂಕ ಮಾಡಿ. ವಾರಕ್ಕೊಮ್ಮೆ ಕಿರಾಣಿ ಅಂಗಡಿಯ ಕಾಟಾದ ಮೇಲೆ ಇಟ್ಟು ತೂಕವನ್ನು ಆ ಮರದ ಮೇಲೇ ಪೆನ್ಸಿಲ್‌ನಲ್ಲಿ ಬರೆಯಿರಿ. ಮೂರು ವಾರ ಒಂದೇ ತೂಕ ಬಂದರೆ ಒಣಗಿದೆ ಅಂತ ಅರ್ಥ.

ಬಿಸಿಲಲ್ಲಿ ಒಣಗಿಸುವ ಆತುರ ಬೇಡ. ಧಾರವಾಡದ ನಮ್ಮ ಮಾಳಿಗೆ ಮೇಲೆ ಒಂದು ಮೇ ತಿಂಗಳು ನಾನು ಎಂಟು ತುಂಡು ಒಣಹಾಕಿದ್ದೆ, ಹಪ್ಪಳದ ಪಕ್ಕದಲ್ಲೇ. ಸಂಜೆ ಹೊತ್ತಿಗೆ ಹಪ್ಪಳ ಚೆನ್ನಾಗಿ ಒಣಗಿದ್ದವು. ಮರದಲ್ಲಿ ಏಳು ತುದಿಯಿಂದ ತುದಿಗೆ ಸೀಳಿದ್ದವು.

ಇನ್ನು ಬೆನ್ನಿನ ವಿಷಯ. ತೊಗಟೆ ತೆಗೆದ ಮೇಲೆ ಅದರ ಕೆಳಗೆ ನುಣುಪಾಗಿ ಬರುವ ಮೈಯೇ ನಿಮ್ಮ ಬೆನ್ನು. ಅದು ಮರ ಕೊನೆಯದಾಗಿ ಬೆಳೆದ ಪದರ, ಒಂದು ನಾರೂ ಕಡಿದಿರುವುದಿಲ್ಲ. ಉಬ್ಬು ತಗ್ಗು ಇದ್ದರೆ ಇರಲಿ. ರಂದಾ ಹೊಡೆದು ಚಪ್ಪಟೆ ಮಾಡುವ ಆಸೆ ಬರುತ್ತದೆ, ಖಂಡಿತ ಬರುತ್ತದೆ. ಮಾಡಿದರೆ ನಾರಿನ ತುದಿಗಳು ಬಾಯಿ ಬಿಡುತ್ತವೆ, ಎಳೆದಾಗ ಅಲ್ಲಿಂದಲೇ ಸಿಬಿರು ಏಳುತ್ತದೆ.

ನಾನು ಮೂವತ್ತು ವರ್ಷದಿಂದ ಬಡಿಗತನ ಮಾಡುವವನು. ಮಗನ ಆಸೆಗೆ ಬಿಲ್ಲು ಮಾಡಿದೆ. ಎರಡೂ ತೋಳು ಅಳತೆಯಲ್ಲಿ ಕೂದಲಷ್ಟೂ ವ್ಯತ್ಯಾಸ ಇಲ್ಲ, ಆದರೂ ಮೇಲಿನದು ಜಾಸ್ತಿ ಬಾಗುತ್ತದೆ, ಅದೂ ಒಂದೇ ಜಾಗದಲ್ಲಿ. ತಪ್ಪೆಲ್ಲಿ?
*ಹಾನಗಲ್, ಹಾವೇರಿ ಜಿಲ್ಲೆ*

ಯಜಮಾನರೇ, ತಪ್ಪು ಅಳತೆಯಲ್ಲಿಲ್ಲ, ಅಳತೆಯನ್ನು ನಂಬಿದ್ದರಲ್ಲಿ ಇದೆ. ನಿಮ್ಮ ಮುಂದೆ ನಾನು ಮರದ ಬಗ್ಗೆ ಹೇಳುವುದು ಅಧಿಕಪ್ರಸಂಗ, ಆದರೂ ಬಡಿಗೇರರು ಮೊದಲ ಬಿಲ್ಲಿನಲ್ಲಿ ಎಡವುವುದು ಇಲ್ಲೇ. ಬಾಗಿಲು, ಕಿಟಕಿ, ಕೂರಿಗೆ ಎಲ್ಲದರಲ್ಲೂ ಮರ ಅಲುಗಾಡದೆ ನಿಲ್ಲಬೇಕು, ಅದಕ್ಕೆ ಮೂಲೆಮಟ್ಟ ಸಾಕು. ಬಿಲ್ಲು ಅಲುಗಾಡಬೇಕು. ಒಂದೇ ಮರದ ಬುಡದ ಕಡೆ ಬಿಗಿ, ತುದಿಯ ಕಡೆ ಸಡಿಲ, ಗಂಟಿನ ಹತ್ತಿರ ಇನ್ನೊಂದು ಥರ. ಅಳತೆ ಒಂದೇ ಇದ್ದರೆ ಬಾಗು ಬೇರೆ ಬೇರೆ ಬರುತ್ತದೆ, ಬಾಗು ಒಂದೇ ಬರಬೇಕಾದರೆ ಅಳತೆ ಬೇರೆ ಬೇರೆ ಇರಬೇಕಾಗುತ್ತದೆ.

ಅದೂ ದಪ್ಪದಲ್ಲಿ ಕೂದಲಷ್ಟು ಅಂದರೆ ಬಿಲ್ಲಿನಲ್ಲಿ ಸಣ್ಣದಲ್ಲ. ಅಗಲ ಅರ್ಧ ಮಾಡಿದರೆ ಬಿಗಿ ಅರ್ಧ ಆಗುತ್ತದೆ, ದಪ್ಪ ಅರ್ಧ ಮಾಡಿದರೆ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. 12 ಮಿಲಿಮೀಟರ್ ಇದ್ದ ಜಾಗ 11 ಆದರೆ ಅಲ್ಲಿಯ ಬಿಗಿ ಹೆಚ್ಚುಕಮ್ಮಿ ಕಾಲು ಭಾಗ ಹೋಯಿತು. ರಂದಾದ ಎರಡು ಎಳೆತದ ಕೆಲಸ ಅದು. ಹಾಗಾಗಿ ಈಗ ರಂದಾ, ಬಾಚಿ ಎರಡನ್ನೂ ಎತ್ತಿಡಿ. ಒಂದು ಅರ, ಒಂದು ಗಾಜಿನ ಚೂರು, ಅಷ್ಟೇ.

ಗೋಡೆಗೆ ಒಂದು ಗಟ್ಟಿ ಗೂಟ ಬಡಿದು ಬಿಲ್ಲನ್ನು ಹಿಡಿಕೆಯ ಮೇಲೆ ಅಡ್ಡ ಕೂರಿಸಿ, ಹೆದೆ ಕೆಳಗೆ ಬರಲಿ. ಹಿಂದಿನ ಗೋಡೆಯ ಮೇಲೆ ಎರಡೆರಡು ಇಂಚಿಗೆ ಸೀಮೆಸುಣ್ಣದ ಅಡ್ಡಗೆರೆ ಎಳೆಯಿರಿ. ಹೆದೆಗೆ ಹಗ್ಗ ಕಟ್ಟಿ, ನೆಲದ ಹತ್ತಿರ ಒಂದು ರಾಟೆ ಕಟ್ಟಿ ಅದರಲ್ಲಿ ಹಗ್ಗ ಹಾಯಿಸಿ, ತುದಿ ಹಿಡಿದು ಎಂಟು ಹತ್ತು ಅಡಿ ದೂರ ನಿಲ್ಲಿ. ಈ ದೂರ ಎರಡು ಕಾರಣಕ್ಕೆ: ಮುರಿದರೆ ಮುಖಕ್ಕೆ ಬರುವುದಿಲ್ಲ, ಮತ್ತೆ ಪೂರ್ತಿ ಬಾಗು ಒಟ್ಟಿಗೆ ಕಾಣುತ್ತದೆ. ಮಗನ ಕೈಗೆ ಮೊಬೈಲ್ ಕೊಟ್ಟು ಫೋಟೋ ತೆಗೆಸಿ, ಕಣ್ಣು ಮೋಸ ಹೋದರೂ ಫೋಟೋ ಹೋಗುವುದಿಲ್ಲ. ಮೊದಮೊದಲು ಹೆದೆ ಉದ್ದ, ಸಡಿಲ ಇರಲಿ. ಮೆಲ್ಲಗೆ ಎಳೆಯಿರಿ, ತಪ್ಪು ಕಂಡ ಕೂಡಲೇ ನಿಲ್ಲಿಸಿ. ತಪ್ಪು ಕಂಡ ಮೇಲೂ ಎಳೆದರೆ ಆ ಜಾಗ ಇನ್ನಷ್ಟು ಸೋಲುತ್ತದೆ.

ಬಾಗಿಲ ಕೀಲಿನ ಹಾಗೆ ಮಡಚುವ ಆ ಒಂದು ಜಾಗವನ್ನು ಇನ್ನು ಮುಟ್ಟಲೇಬೇಡಿ. ಅದರ ಆಚೆ ಈಚೆ ಬಾಗದೆ ಬೀಗಿಕೊಂಡು ನಿಂತಿರುವ ಜಾಗಗಳನ್ನು ಹುಡುಕಿ, ಹೊಟ್ಟೆಯ ಮೇಲೆ ಪೆನ್ಸಿಲ್‌ನಲ್ಲಿ ಅಡ್ಡಗೆರೆ ಗೀಚಿ, ಆ ಗೀಚು ಅಳಿಸಿಹೋಗುವಷ್ಟೇ ಹೆರೆಯಿರಿ. ಆಮೇಲೆ ಅದೇ ಉದ್ದಕ್ಕೆ ಇಪ್ಪತ್ತು ಸಲ ಎಳೆದು ಬಿಡಿ, ಅಂದರೆ ಮೆಲ್ಲಗೆ ಇಳಿಸಿ, ಆಮೇಲೆ ನೋಡಿ. ಹೆರೆದ ತಕ್ಷಣ ಮರ ನಿಜ ಹೇಳುವುದಿಲ್ಲ, ನಾಲ್ಕು ಸಲ ಬಾಗಿದ ಮೇಲೆ ಹೇಳುತ್ತದೆ. ಮತ್ತೆ ಗೀಚು, ಮತ್ತೆ ಹೆರೆ. ಬೇಜಾರಿನ ಕೆಲಸ ಅನ್ನುವವರಿದ್ದಾರೆ. ನನಗೆ ಇಡೀ ಬಿಲ್ಲಿನಲ್ಲಿ ಇಷ್ಟವಾಗುವುದು ಇದೊಂದೇ. ಗಾಜಿನಿಂದ ಏಳುವ ತೆಳು ಸುರುಳಿಗಳು ಕಾಲ ಬುಡದಲ್ಲಿ ಬೀಳುತ್ತಿರುತ್ತವೆ, ಸಂಜೆ ಆದದ್ದೇ ಗೊತ್ತಾಗುವುದಿಲ್ಲ.

ಎಳೆಯುವ ಬಿಗಿ ನೋಡಲು ಬ್ಯಾಗ್ ತೂಗುವ ಕೊಕ್ಕೆ ತಕ್ಕಡಿ ಸಾಕು. ನಿಮ್ಮ ಮಗ ದೊಡ್ಡವನಾದರೆ 13-14 ಕಿಲೋ, ಬಿಲ್ಲುಗಾರರ ಲೆಕ್ಕದಲ್ಲಿ 30 ಪೌಂಡ್, ಬೇಕಾದಷ್ಟಾಯಿತು. ಕೆಲಸ ನಡೆಯುವಾಗ ಯಾವತ್ತೂ ಆ ತೂಕ ದಾಟಿ ಎಳೆಯಬೇಡಿ. ಅರ್ಧ ಎಳೆದಾಗಲೇ 14 ಕಿಲೋ ತೋರಿಸಿದರೆ ಅಲ್ಲೇ ನಿಲ್ಲಿಸಿ ಎರಡೂ ತೋಳು ಹೆರೆಯಿರಿ. ಎಷ್ಟು ಉದ್ದ ಎಳೆಯಬೇಕು ಅನ್ನುವುದಕ್ಕೆ ಅವನ ಒಂದು ಮಾರು, ಅಂದರೆ ಎರಡೂ ಕೈ ಚಾಚಿದಾಗ ಬೆರಳ ತುದಿಯಿಂದ ತುದಿಗೆ ಬರುವ ಉದ್ದ, ಅಳೆದು ಎರಡೂವರೆಯಿಂದ ಭಾಗಿಸಿ. ಮಾರು 70 ಇಂಚು ಇದ್ದರೆ ಎಳೆತ 28 ಇಂಚು. ಅಷ್ಟು ಎಳೆತಕ್ಕೆ ಬಿಲ್ಲು 66-68 ಇಂಚು ಇರಲಿ, ಕಮ್ಮಿ ಬೇಡ. ಉದ್ದ ಬಿಲ್ಲು ತಪ್ಪು ಮನ್ನಿಸುತ್ತದೆ.

ನನ್ನ ಒಂದು ಬಿಲ್ಲು 24 ಇಂಚು ಎಳೆತಕ್ಕೆ ಬಂದಿತ್ತು, ಬಾಗು ಚೆನ್ನಾಗಿಯೇ ಇತ್ತು. ಬೆನ್ನಿನಲ್ಲಿ ಕಡಲೆಕಾಳಿನಷ್ಟು ಒಂದು ಗಂಟು. ಎದ್ದು ಕಾಣುತ್ತದೆ ಅಂತ ಅರದಿಂದ ಉಜ್ಜಿ ಮಟ್ಟ ಮಾಡಿದ್ದೆ, ಬರೀ ಚೆಂದಕ್ಕೆ. ಹಗ್ಗ ಹಿಡಿಯದೆ ಕೈಯಲ್ಲೇ ಎಳೆದೆ. ಮೊದಲು ಟಿಕ್ ಅಂತ ಒಂದು ಸಣ್ಣ ಸದ್ದು. ಆ ಸದ್ದಿಗೆ ನಿಲ್ಲಿಸಬೇಕಿತ್ತು. ಮುಂದಿನ ಇಂಚಿಗೆ ಢಂ ಅಂದಿತು, ಮೇಲಿನ ತೋಳು ಹಾರಿ ಟ್ಯೂಬ್‌ಲೈಟಿಗೆ ಬಡಿಯಿತು, ಪಕ್ಕದ ಮನೆಯ ಅಜ್ಜ ಸಿಲಿಂಡರ್ ಏನಾದರೂ ಸಿಡಿಯಿತೇ ಅಂತ ಓಡಿ ಬಂದರು. ಆ ಬಿಲ್ಲಿನ ಒಂದು ತುಂಡನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಮುರಿದ ಜಾಗ ಸರಿಯಾಗಿ ಗಂಟಿನ ನಡುವೆ ಇದೆ.

ನಿಮ್ಮದು ಇನ್ನೂ ಮುರಿದಿಲ್ಲ. ಸೋತ ಜಾಗಕ್ಕೆ ಸರಿಯಾಗಿ ಉಳಿದದ್ದನ್ನೆಲ್ಲ ಇಳಿಸಿದರೆ ಬಿಲ್ಲು ಉಳಿಯುತ್ತದೆ, ಬಿಗಿ ಕಮ್ಮಿ ಆಗುತ್ತದೆ ಅಷ್ಟೇ.

ಹೆದೆಗೆ ನೈಲಾನ್ ಹಗ್ಗ ಹಾಕಬಹುದಾ?
*ನವಲಗುಂದ*

ಬೇಡ. ನೈಲಾನ್ ಹಿಗ್ಗುತ್ತದೆ, ಬಿಲ್ಲಿನ ಶಕ್ತಿಯೆಲ್ಲ ಅದನ್ನು ಹಿಗ್ಗಿಸುವುದಕ್ಕೇ ಹೋಗುತ್ತದೆ. ಹೊಲಿಗೆಯವರ ಹತ್ತಿರ ಸಿಗುವ ಗಟ್ಟಿ ಪಾಲಿಯೆಸ್ಟರ್ ದಾರವನ್ನು ಹಲವು ಎಳೆ ಸೇರಿಸಿ ಹುರಿ ಮಾಡಿ, ಮೇಣ ತಿಕ್ಕಿ. ಬಿಲ್ಲಿನ ಎಳೆತದ ನಾಲ್ಕು ಪಟ್ಟು ಭಾರ ತಡೆಯಬೇಕು, 14 ಕಿಲೋ ಬಿಲ್ಲಿಗೆ 56 ಕಿಲೋ. ಮೇಲಿನ ತುದಿಗೆ ಕಣ್ಣು, ಅಂದರೆ ಕುಣಿಕೆ, ಹೆಣೆಯಿರಿ, ಕೆಳಗೆ ತನ್ನ ಸುತ್ತಲೇ ಮೂರ್ನಾಲ್ಕು ಸುತ್ತು ಹಾಕಿ ಎಳೆದಷ್ಟೂ ಬಿಗಿಯಾಗುವ ಗಂಟು ಹಾಕಿ, ಉದ್ದ ಹೆಚ್ಚುಕಮ್ಮಿ ಮಾಡಲು ಅನುಕೂಲ. ಹೆದೆ ಏರಿಸಿದಾಗ ಹಿಡಿಕೆಗೂ ಹೆದೆಗೂ ಮುಷ್ಟಿ ಕಟ್ಟಿ ಹೆಬ್ಬೆಟ್ಟು ಎತ್ತಿದಷ್ಟು ಅಂತರ ಇರಬೇಕು. ಕೆಲಸ ಮುಗಿದ ಮೇಲೆ ಹೆದೆ ಇಳಿಸಿಡಿ. ಮಧ್ಯ ಭಾರತದ ಭಿಲ್ಲರು ಬಿದಿರಿನ ಸೀಳನ್ನೇ ಹೆದೆ ಮಾಡಿಕೊಳ್ಳುತ್ತಾರೆ. ನಮ್ಮ ಕಡೆಯ ಪುಂಡಿ ನಾರಿನಲ್ಲಿ ನಾನೊಮ್ಮೆ ಹೊಸೆದು ನೋಡಿದೆ, ನೋಡಲು ಚೆಂದ ಇತ್ತು, ಮೂರನೇ ದಿನ ಹರಿಯಿತು. ಹೊಸೆದವನ ತಪ್ಪಿರಬಹುದು, ಪುಂಡಿಯದಲ್ಲ.

ಹನ್ನೆರಡು ವರ್ಷದ ಮಗ ಬಿಲ್ಲು ಮಾಡಿಕೊಡು ಅಂತ ಬೆನ್ನು ಹತ್ತಿದ್ದಾನೆ. ಕಣ್ಣಿಗೆ ಗಿಣ್ಣಿಗೆ ತಾಗಿದರೆ ಅಂತ ಭಯ. ಕೊಡಬಹುದೇ?
*ಗೃಹಿಣಿ, ಸಪ್ತಾಪುರ, ಧಾರವಾಡ*

ಅಕ್ಕಾರ, ನೀವು ಕೊಡದಿದ್ದರೆ ಛತ್ರಿ ಕಡ್ಡಿಯಲ್ಲಿ ತಾನೇ ಮಾಡಿಕೊಳ್ಳುತ್ತಾನೆ, ಅದು ಇನ್ನೂ ಅಪಾಯ. ಕೊಡಿ, ಆದರೆ ಅವನ ಜೊತೆ ಕೂತು ಮಾಡಿ. ನಾಲ್ಕೂವರೆ ಅಡಿ ಬಿದಿರು, ಎಳೆತ 5-6 ಕಿಲೋ ದಾಟದಿರಲಿ. ಬಾಣದ ತುದಿಗೆ ಬಟ್ಟೆ ಸುತ್ತಿ ಮೊಂಡು ಮಾಡಿ. ಬಾಣ ಇಡದೆ ಬರೀ ಹೆದೆ ಎಳೆದು ಬಿಡುವ ಆಟ ಮಕ್ಕಳಿಗೆ ಬಲು ಇಷ್ಟ, ಅದನ್ನು ಮೊದಲ ದಿನವೇ ನಿಲ್ಲಿಸಿ. ಬಾಣಕ್ಕೆ ಹೋಗಬೇಕಾದ ಏಟೆಲ್ಲ ಬಿಲ್ಲಿಗೇ ತಿರುಗಿ ಬಡಿದು ಮುರಿಯುತ್ತದೆ. ಬಿಲ್ಲು ಏರಿಸುವಾಗ ಕಣ್ಣಿಗೆ ಕನ್ನಡಕ ಇರಲಿ. ಗುರಿಗೆ ಗೋಣಿಚೀಲದಲ್ಲಿ ಹಳೇ ಬಟ್ಟೆ, ಪ್ಲಾಸ್ಟಿಕ್ ಚೀಲ ಒತ್ತಿ ತುಂಬಿ, ಹಿಂದೆ ಗೋಡೆ ಇರುವ ಕಡೆ ಇಡಿ. ಊರಿಗೆ ಹೋದಾಗ ಕಣಿಕೆ ಬಣವೆ ಇದ್ದರೆ ಅದಕ್ಕಿಂತ ಒಳ್ಳೆಯ ಗುರಿ ಇಲ್ಲ, ಹಿರಿಯರು ಬೈಯದಿದ್ದರೆ.

ಅಳಿಲು, ಪಾರಿವಾಳ, ಬೆಕ್ಕಿಗೆ ಹಿಡಿಯುವಂತಿಲ್ಲ ಅಂತ ಕಟ್ಟುನಿಟ್ಟು ಮಾಡಿ. ಕಾಡುಪ್ರಾಣಿ, ಹಕ್ಕಿಗಳಿಗೆ 1972ರ ವನ್ಯಜೀವಿ ಕಾಯ್ದೆ ಇದೆ, ಸುಮ್ನೆ ತಮಾಷೆಗೆ ಹೊಡೆದೆ ಅಂದರೆ ಕೇಳುವುದಿಲ್ಲ. ಹುಡುಗನಿಗೆ ನಿಜವಾಗಲೂ ಆಸಕ್ತಿ ಇದ್ದರೆ ಮುಂದೆ ತರಬೇತಿಗೆ ಸೇರಿಸಿ. ನಮ್ಮ ದೇಶದ ಬಿಲ್ಲುಗಾರಿಕೆ ಸ್ಪರ್ಧೆಗಳಲ್ಲಿ ಇಂಡಿಯನ್ ರೌಂಡ್ ಅನ್ನುವ ವಿಭಾಗ ಇದೆ, ಅದರಲ್ಲಿ ಬಿದಿರು, ಮರದ ಬಿಲ್ಲುಗಳೇ. ರಾಜಸ್ಥಾನದ ಆದಿವಾಸಿ ಹುಡುಗ ಲಿಂಬಾ ರಾಮ್ ಬಿದಿರಿನ ಬಿಲ್ಲು ಹಿಡಿದು ಬೆಳೆದವರು, 1988, 1992, 1996ರ ಮೂರು ಒಲಿಂಪಿಕ್ಸ್‌ಗೆ ಹೋದರು.

ಬಿಲ್ಲು ಮುಗಿಯಿತು. ಮೇಲೆ ವಾರ್ನಿಶ್ ಹೊಡೆಯಲಾ, ಎಣ್ಣೆ ಹಚ್ಚಲಾ? ಮನೆಯಲ್ಲಿ ಶೇಂಗಾ ಎಣ್ಣೆ ಇದೆ.
*ಕಾಲೇಜು ಹುಡುಗಿ, ಬ್ಯಾಡಗಿ*

ಅಭಿನಂದನೆ, ಈ ಸಲದ ಪತ್ರಗಳಲ್ಲಿ ಬಿಲ್ಲು ಮುಗಿಸಿದವರು ನೀವೊಬ್ಬರೇ. ಶೇಂಗಾ ಎಣ್ಣೆ ಒಗ್ಗರಣೆಗೆ ಇರಲಿ. ಅದು ಒಣಗುವುದಿಲ್ಲ, ಜಿಡ್ಡಾಗಿ ಧೂಳು ಹಿಡಿಯುತ್ತದೆ. ಅಗಸಿ ಎಣ್ಣೆ ತನ್ನಿ, ಅದು ಗಾಳಿಗೆ ಗಟ್ಟಿಯಾಗಿ ಪದರ ಕಟ್ಟುತ್ತದೆ. ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಒಣ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಇನ್ನೊಂದು ಸಲ, ಹೀಗೆ ನಾಲ್ಕೈದು ಸಲ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅಗಸಿ ಎಣ್ಣೆಯ ಬಟ್ಟೆ ಒಳಗೇ ಕಾವು ಏರಿ ತಾನಾಗಿ ಹೊತ್ತಿಕೊಳ್ಳುತ್ತದೆ. ನೀರಲ್ಲಿ ಅದ್ದಿ, ಬಿಡಿಸಿ, ಹೊರಗೆ ತಂತಿಗೆ ಹರಡಿ. ಮತ್ತೆ ಬಿಲ್ಲನ್ನು ಮೂಲೆಗೆ ಆನಿಸಿ ನಿಲ್ಲಿಸಬೇಡಿ, ಎರಡು ಮೊಳೆ ಹೊಡೆದು ಅಡ್ಡ ಮಲಗಿಸಿ.